ಹೊರದೇಶದಲ್ಲಿ ಮಗು, ಕೊಡಗಿನಲ್ಲಿ ಮನೆಯವರು: ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಗೋಣಿಕೊಪ್ಪದ ಕಡೆಯಿಂದ ಹೊರದೇಶ ಸೇರಿದ ಹೆಣ್ಣುಮಕ್ಕಳು ಈಗ ಬಹಳ ಜನ. ಮಗುವಾದ ಮೇಲೆ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಊರಲ್ಲಿರುವ ಅಮ್ಮಂದಿರು, ಅತ್ತೆಯಂದಿರು ಕೇಳುವುದೂ ಒಂದೇ. ಎರಡೂ ಕಡೆಯ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ವೀಸಾ, ರಜೆಯ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ಮಾಡಿಸುವ ಮೊದಲು ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ಒಮ್ಮೆ ನೋಡಿ. ಆರೋಗ್ಯದ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಮಗುವನ್ನು ತಾಯಿ ಒಬ್ಬಳೇ ಯಾವತ್ತೂ ಬೆಳೆಸಿಲ್ಲ. ಅಜ್ಜಿ ಸ್ನಾನ ಮಾಡಿಸುತ್ತಿದ್ದರು, ಚಿಕ್ಕಮ್ಮ ಎತ್ತಿಕೊಳ್ಳುತ್ತಿದ್ದರು, ಕೆಲಸಕ್ಕೆ ಬರುವ ಹೆಂಗಸು ಬಟ್ಟೆ ಒಗೆಯುತ್ತಿದ್ದರು, ಪಕ್ಕದ ಮನೆಯ ಮಕ್ಕಳು ಆಡಿಸುತ್ತಿದ್ದರು. ಅಷ್ಟೂ ಜನರ ಕೆಲಸವನ್ನು ಹೊರದೇಶದ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಮಾಡಲಿ ಅಂತ ಕಾಯುವುದು ಅನ್ಯಾಯ. ಕೆಳಗಿನ ಉತ್ತರಗಳನ್ನೆಲ್ಲ ಈ ನಂಬಿಕೆಯಿಂದಲೇ ಬರೆದಿದ್ದೇನೆ.

ಬಾಣಂತನಕ್ಕೆ ಅಮ್ಮ ಬರಲು ಆಗುತ್ತಿಲ್ಲ. ಒಬ್ಬಳೇ ಹೇಗೆ ಮಾಡಿಕೊಳ್ಳಲಿ?

ಅಮ್ಮ ಬರಲಾಗದ್ದಕ್ಕೆ ಕಾರಣ ಎಷ್ಟೋ ಇರುತ್ತದೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಆ ದಿನಗಳಲ್ಲಿ ಕಣದಲ್ಲಿ ಕಾಫಿ ಒಣಗಲು ಹಾಕಿ ಮನೆಯ ಹಿರಿಯರು ಹೊರಡುವುದು ಕಷ್ಟ. ಅಪ್ಪನ ಆರೋಗ್ಯ, ವೀಸಾ ತಡ, ಹೀಗೆ ಇನ್ನೂ ಬೇರೆ. ಅಮ್ಮನನ್ನು ದೂರಬೇಡಿ. ನಿಮ್ಮನ್ನು ನೀವೂ ದೂರಿಕೊಳ್ಳಬೇಡಿ.

ಬಾಣಂತನದಲ್ಲಿ ನಿಜಕ್ಕೂ ಬೇಕಾದ್ದು ಮೂರು: ನಿದ್ದೆ, ಹೊತ್ತಿಗೆ ಸರಿಯಾಗಿ ಬಿಸಿ ಊಟ, ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ. ಈ ಮೂರಕ್ಕೆ ಯಾರು ಯಾವ ದಿನ ಅನ್ನುವುದನ್ನು ಏಳನೇ ತಿಂಗಳಲ್ಲೇ ಗಂಡನ ಜೊತೆ ಕೂತು ಬರೆದಿಡಿ. ಗಂಡನ ರಜೆ ಹೆರಿಗೆಯ ದಿನದಿಂದಲೇ ಶುರುವಾಗಲಿ. ಊರಿನವರು, ಕನ್ನಡ ಕೂಟದವರು, ಪಕ್ಕದ ಮನೆಯವರು 'ಏನಾದ್ರೂ ಬೇಕಾ?' ಅಂದರೆ 'ಏನೂ ಬೇಡ' ಅನ್ನಬೇಡಿ. 'ಮಂಗಳವಾರ ಒಂದು ಪಾತ್ರೆ ಸಾರು, ಅನ್ನ ತಂದುಕೊಡಿ' ಅಂತ ನೇರವಾಗಿ ಹೇಳಿ. ಕೊಡುವವರಿಗೂ ಅದೇ ಸುಲಭ.

ಊಟದ ವಿಷಯ. ಕರಿಮೆಣಸಿನ ಸಾರು, ಬೆಳ್ಳುಳ್ಳಿ, ಕೋಳಿ ಸಾರು, ಮೆತ್ತಗಿನ ಅನ್ನ, ತುಪ್ಪ, ಇವೆಲ್ಲ ಒಳ್ಳೆಯದೇ. ಕಾಯಿಲೆಗೆ ಅಂತ ಮಾಡಿದ ಪಥ್ಯವನ್ನು ಬಾಣಂತಿಗೆ ಹಾಕಿ ತರಕಾರಿ, ಹಣ್ಣು ಬಿಡಿಸುವುದು ಮಾತ್ರ ಬೇಡ. 'ಬಾಣಂತಿಗೆ ನೀರು ಜಾಸ್ತಿ ಕೊಡಬಾರದು' ಅನ್ನುವ ಮಾತು ಈಗಲೂ ಕೆಲವು ಮನೆಗಳಲ್ಲಿದೆ. ಹಾಲು ಕುಡಿಸುವ ತಾಯಿಗೆ ಬಾಯಾರಿಕೆ ಹೆಚ್ಚು. ಬಾಯಾರಿದಾಗೆಲ್ಲ ಕುಡಿಯಿರಿ.

ಎಣ್ಣೆ ಹಚ್ಚಿ ಹಂಡೆ ತುಂಬ ಬಿಸಿನೀರು ಹುಯ್ಯುವ ಸ್ನಾನ ಅಲ್ಲಿ ಸಿಗುವುದಿಲ್ಲ. ಬಿಸಿನೀರಿನ ಶವರ್ ಸಾಕು. ಆಪರೇಷನ್ ಆಗಿದ್ದರೆ, ಹೊಲಿಗೆ ಇದ್ದರೆ ಡಾಕ್ಟರನ್ನು ಕೇಳಿ. ಕೋಣೆಯಲ್ಲಿ ಕೆಂಡ ಇಟ್ಟು ಸಾಂಬ್ರಾಣಿ ಹಾಕುವುದನ್ನು ಖಂಡಿತ ಮಾಡಬೇಡಿ. ನಮ್ಮ ಹೆಂಚಿನ ಮನೆಯ ಸಂದಿಗಳಲ್ಲಿ ಹೊಗೆ ಹೊರಗೆ ಹೋಗುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಅಪಾರ್ಟ್‌ಮೆಂಟಿನಲ್ಲಿ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಜೀವ ತೆಗೆಯುತ್ತದೆ.

ಅಮ್ಮ ಅಥವಾ ಅತ್ತೆ ಬಂದರೆ ಎಷ್ಟು ದಿನ ಇರಬಹುದು?

ಅಮೆರಿಕದ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳವರೆಗೆ ಬಿಡುತ್ತಾರೆ. ಬ್ರಿಟನ್ನಿನಲ್ಲೂ 6 ತಿಂಗಳವರೆಗೆ. ಕೆನಡಾದಲ್ಲಿ ಹೆತ್ತವರಿಗೆ, ಅಜ್ಜ ಅಜ್ಜಿಯರಿಗೆ ಅಂತಲೇ ಸೂಪರ್ ವೀಸಾ ಇದೆ. 2022ರಿಂದ ಅದರಲ್ಲಿ ಒಂದು ಸಲಕ್ಕೆ 5 ವರ್ಷದವರೆಗೂ ಇರಬಹುದು, ಆದರೆ ಆರೋಗ್ಯ ವಿಮೆ ಕಡ್ಡಾಯ. ಬೇರೆ ದೇಶಗಳಿಗೆ ಹೊರಟವರೂ ವಿಮೆ ಮಾಡಿಸಿಯೇ ಹೊರಡಿ. ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಇರುವಷ್ಟು ದಿನಕ್ಕೂ ಸಾಕಾಗುವಷ್ಟು ಡಾಕ್ಟರ ಚೀಟಿಯ ಜೊತೆ ತನ್ನಿ.

ಬಂದ ಹಿರಿಯರಿಗೂ ಒಂದು ಜೀವನ ಬೇಕು ಅನ್ನುವುದನ್ನು ಮರೆಯಬೇಡಿ. ನಾಪೋಕ್ಲಿನಲ್ಲಿ ತೋಟ, ದನ, ನಾಯಿ, ನೆಂಟರು ಅಂತ ದಿನವಿಡೀ ಓಡಾಡುವ ಹೆಂಗಸನ್ನು ಹಿಮ ಬೀಳುವ ಊರಿನ ನಾಲ್ಕನೇ ಮಹಡಿಯಲ್ಲಿ ಮೂರು ತಿಂಗಳು ಕೂರಿಸಿ, 'ಅಡುಗೆ ಮಾಡಿ, ಮಗು ನೋಡಿ' ಅಂದರೆ ಅವರಿಗೂ ಬೇಸರ ಬರುತ್ತದೆ. ವಾರಕ್ಕೆ ಎರಡು ದಿನವಾದರೂ ಅವರನ್ನು ಹೊರಗೆ ಕರೆದುಕೊಂಡು ಹೋಗಿ. ಅವರ ವಯಸ್ಸಿನ ಯಾರಾದರೂ ಸಿಕ್ಕರೆ ಪರಿಚಯ ಮಾಡಿಸಿ.

ರಜೆ ಎಷ್ಟು ಸಿಗುತ್ತದೆ?

ಭಾರತದಲ್ಲಿ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಊರಿನವರು ಇದೇ ಲೆಕ್ಕದಲ್ಲಿ 'ಯಾಕಿಷ್ಟು ಬೇಗ ಕೆಲಸಕ್ಕೆ ಹೋದೆ?' ಅಂತ ಕೇಳುತ್ತಾರೆ. ಅಮೆರಿಕದಲ್ಲಿ 1993ರ ಕೇಂದ್ರ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. 50ಕ್ಕಿಂತ ಕಡಿಮೆ ಜನರಿರುವ ಖಾಸಗಿ ಕಂಪನಿಗಳಿಗೆ ಅದು ಅನ್ವಯಿಸುವುದೇ ಇಲ್ಲ. ಕೆಲವು ರಾಜ್ಯಗಳು, ಕಂಪನಿಗಳು ಇದಕ್ಕಿಂತ ಚೆನ್ನಾಗಿ ಕೊಡುತ್ತವೆ. ಯುಎಇಯ ಖಾಸಗಿ ಕೆಲಸದಲ್ಲಿ 60 ದಿನ: 45 ದಿನ ಪೂರ್ತಿ ಸಂಬಳ, 15 ದಿನ ಅರ್ಧ. ಬ್ರಿಟನ್ನಿನಲ್ಲಿ 52 ವಾರ ರಜೆ, ಅದರಲ್ಲಿ 39 ವಾರಕ್ಕೆ ಹಣ. ಜರ್ಮನಿಯಲ್ಲಿ ಹೆರಿಗೆಗೆ ಮೊದಲು 6 ವಾರ, ನಂತರ 8 ವಾರ ತಾಯಿಗೆ ರಕ್ಷಣೆ. ಆಮೇಲೆ ತಂದೆ ತಾಯಿ ಇಬ್ಬರೂ ಪಾಲಕರ ರಜೆ ತೆಗೆದುಕೊಳ್ಳಬಹುದು.

ಅಮೆರಿಕದ ಮಗಳು ಮೂರನೇ ತಿಂಗಳಿಗೆ ಮಗುವನ್ನು ಡೇಕೇರಿಗೆ ಬಿಟ್ಟರೆ ಅದು ಅವಳಿಗೆ ಕರುಳಿಲ್ಲದ್ದರಿಂದ ಅಲ್ಲ. ಆ ದೇಶ ಕೊಟ್ಟ ರಜೆಯೇ ಅಷ್ಟು.

ಬಜೆ, ಜೇನು, ಕಾಡಿಗೆ, ಎಳೆ ಬಿಸಿಲು: ಅಜ್ಜಿ ಹೇಳುವುದರಲ್ಲಿ ಯಾವುದು ಮಾಡಬಹುದು?

ಎಣ್ಣೆ ತಿಕ್ಕಿ ಮೃದುವಾಗಿ ಮಾಲೀಶು ಮಾಡುವುದು ಒಳ್ಳೆಯದು. ಮೂಗು, ಕಿವಿಗೆ ಎಣ್ಣೆ ಬಿಡಬೇಡಿ.

ಜೇನು ಮಾತ್ರ ಒಂದು ವರ್ಷ ತುಂಬುವ ತನಕ ಬೇಡವೇ ಬೇಡ. ಕೊಡಗಿನ ಜೇನು ಎಷ್ಟೇ ಶುದ್ಧವಾಗಿದ್ದರೂ ಸರಿ, ಹುಟ್ಟಿದ ಮಗುವಿನ ನಾಲಿಗೆಗೆ ಹಚ್ಚುವ ಶಾಸ್ತ್ರಕ್ಕೂ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣ ಎಳೆ ಮಗುವಿನ ಕರುಳಿನಲ್ಲಿ ಬೆಳೆದು ಬಾಟ್ಯುಲಿಸಂ ಅನ್ನುವ ಕಾಯಿಲೆ ತರಬಹುದು. ಮಗುವಿನ ಸ್ನಾಯುಗಳು ಸೋಲುತ್ತವೆ, ಉಸಿರಾಟಕ್ಕೂ ತೊಂದರೆಯಾಗುತ್ತದೆ. ಬಜೆ ಬೇರು ತೇಯ್ದು ನೆಕ್ಕಿಸುವುದೂ ಬೇಡ. ಅಮೆರಿಕದಲ್ಲಿ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು 1968ರಲ್ಲೇ ನಿಷೇಧಿಸಿದ್ದಾರೆ. ಅಂಗಡಿಯ ಕಾಡಿಗೆ, ಸುರ್ಮಾಗಳಲ್ಲಿ ಸೀಸ ಸಿಕ್ಕಿದ ಉದಾಹರಣೆಗಳಿವೆ. ದೃಷ್ಟಿಬೊಟ್ಟು ಬೇಕೇ ಬೇಕು ಅಂದರೆ ಫೋಟೋ ತೆಗೆಯುವಾಗ ಪಾದಕ್ಕೆ ಚಿಕ್ಕದಾಗಿ ಇಡಿ, ಆಮೇಲೆ ಒರೆಸಿ. ಕುತ್ತಿಗೆಗೆ ದಾರ, ಕರಿಮಣಿ ಹಾಕಿದ್ದರೆ ಮಲಗಿಸುವಾಗ ತೆಗೆಯಿರಿ.

ಎಳೆ ಬಿಸಿಲಿಗೆ ಹಿಡಿಯುವುದರ ಹಿಂದಿನ ಯೋಚನೆ ಸರಿಯಾದದ್ದೇ. ಆದರೆ ಉತ್ತರದ ದೇಶಗಳ ಚಳಿಗಾಲದ ಬಿಸಿಲಿನಲ್ಲಿ ಅದು ನಡೆಯುವುದಿಲ್ಲ. ಅದಕ್ಕೇ ಅಲ್ಲಿ ಎದೆಹಾಲು ಕುಡಿಯುವ ಮಗುವಿಗೆ ವಿಟಮಿನ್ ಡಿ ಹನಿ ಕೊಡಲು ಹೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರು ಹೇಳುವ ಪ್ರಮಾಣ ದಿನಕ್ಕೆ 400 ಐಯು. ಇದನ್ನು ತಪ್ಪಿಸಬೇಡಿ.

ಮೊದಲ 6 ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಮೇಲೆ ಬೇರೆ ಆಹಾರದ ಜೊತೆ 2 ವರ್ಷ ಅಥವಾ ಅದಕ್ಕೂ ಮುಂದೆ ಹಾಲು ಕೊಡಬಹುದು. ಹಾಲು ಸಾಕಾಗದೆ, ಅಥವಾ ಕೆಲಸಕ್ಕೆ ಹೋಗಬೇಕಾಗಿ ಪೌಡರ್ ಹಾಲು ಕೊಟ್ಟ ತಾಯಿಯನ್ನು ಯಾರೂ ಒಂದು ಮಾತು ಅನ್ನಬಾರದು. ಮಗುವಿನ ಹೊಟ್ಟೆ ತುಂಬುವುದು ಮುಖ್ಯ.

ಮಗುವನ್ನು ಬೇರೆ ತೊಟ್ಟಿಲಲ್ಲಿ ಮಲಗಿಸು ಅಂತ ನರ್ಸ್ ಹೇಳುತ್ತಾರೆ. ಅಮ್ಮ ಪಕ್ಕದಲ್ಲೇ ಮಲಗಿಸು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಎಳೆ ಮಗುವಿನ ವಿಷಯದಲ್ಲಿ ನರ್ಸ್ ಮಾತು ಕೇಳಿ. ತೊಟ್ಟಿಲು ನಿಮ್ಮ ಮಂಚದ ಪಕ್ಕದಲ್ಲೇ, ಕೈಗೆ ಎಟಕುವಂತೆ ಇರಲಿ. ಮಗು ಬೆನ್ನ ಮೇಲೆ ಮಲಗಲಿ. ದಿಂಬು, ದಪ್ಪ ಕಂಬಳಿ, ಗೊಂಬೆ ಏನೂ ಬೇಡ. ಮೆತ್ತನೆಯ ದಪ್ಪ ಹಾಸಿಗೆ, ರಜಾಯಿ, ಸುಸ್ತಾಗಿ ಮಲಗಿದ ಇಬ್ಬರು ದೊಡ್ಡವರು, ಇವುಗಳ ನಡುವೆ ಮಗುವಿಗೆ ಉಸಿರುಕಟ್ಟುವ ಅಪಾಯ ಇದೆ. ಒಂದೇ ಕೋಣೆಯಲ್ಲಿ ಮಲಗುವುದು ಒಳ್ಳೆಯದು ಅಂತ ನರ್ಸ್ ಕೂಡ ಹೇಳುತ್ತಾರೆ. ಅಮ್ಮನಿಗೆ ಹೀಗೆ ಬಿಡಿಸಿ ಹೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮಗುವಿಗೆ ಒಂದೇಟು ಕೊಟ್ಟರೆ ಪೊಲೀಸರು ಬರುತ್ತಾರಂತೆ. ನಿಜವಾ?

ಎಷ್ಟೋ ದೇಶಗಳಲ್ಲಿ ಹೊಡೆಯುವುದು ಕಾನೂನಿಗೆ ವಿರುದ್ಧ. ಸ್ವೀಡನ್ 1979ರಲ್ಲಿ ಪ್ರಪಂಚದಲ್ಲೇ ಮೊದಲು ಇದನ್ನು ನಿಷೇಧಿಸಿತು. ನಾರ್ವೆ 1987, ಜರ್ಮನಿ 2000, ನ್ಯೂಜಿಲೆಂಡ್ 2007, ಸ್ಕಾಟ್ಲೆಂಡ್ 2020, ವೇಲ್ಸ್ 2022. ನಿಷೇಧ ಇಲ್ಲದ ಕಡೆಯೂ ಮೈಮೇಲೆ ಗಾಯ ಕಂಡರೆ ಟೀಚರ್ ವರದಿ ಮಾಡಲೇಬೇಕಾದ ನಿಯಮ ಅನೇಕ ಕಡೆ ಇದೆ.

2011ರಲ್ಲಿ ನಾರ್ವೆಯಲ್ಲಿ ಒಂದು ಭಾರತೀಯ ಕುಟುಂಬದ ಇಬ್ಬರು ಮಕ್ಕಳನ್ನು ಮಕ್ಕಳ ರಕ್ಷಣೆಯ ಅಧಿಕಾರಿಗಳು ಕರೆದುಕೊಂಡು ಹೋದರು. ಕೈಯಿಂದ ಉಣಿಸಿದ್ದು, ಜೊತೆಗೆ ಮಲಗಿಸಿದ್ದು ಕೂಡ ತಪ್ಪಾಗಿ ಕಂಡಿತು ಅಂತ ಹೆತ್ತವರು ಹೇಳಿದರು. ಎರಡು ಸರ್ಕಾರಗಳ ನಡುವೆ ಮಾತುಕತೆ ನಡೆದು 2012ರಲ್ಲಿ ಮಕ್ಕಳು ಭಾರತಕ್ಕೆ ಬಂದರು. ಆ ಸುದ್ದಿ ಕೇಳಿ ಇಂದಿಗೂ ಎಷ್ಟೋ ತಾಯಂದಿರು ಮಗುವಿನ ಬಾಯಿಗೆ ತುತ್ತಿಡಲೂ ಹೆದರುತ್ತಾರೆ. ಅಷ್ಟು ಹೆದರಿಕೆ ಬೇಡ. ಕೈತುತ್ತು ಕೊಡಿ. ಹೊರದೇಶದ ಡಾಕ್ಟರ್, ಟೀಚರ್ ಕೇಳಿದರೆ ನಮ್ಮಲ್ಲಿ ಹೀಗೆ ರೂಢಿ ಅಂತ ಶಾಂತವಾಗಿ ಹೇಳಿ. ಭಾಷೆ ಸಾಲದಿದ್ದರೆ ದುಭಾಷಿಯನ್ನು ಕೇಳಿ. ತಪ್ಪು ಅರ್ಥದಿಂದ ಆಗುವ ತೊಂದರೆಯೇ ಜಾಸ್ತಿ.

ಹೊಡೆಯುವುದನ್ನು ಮಾತ್ರ ಬಿಡಿ, ಎಲ್ಲೇ ಇದ್ದರೂ. ಭಾರತದಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಇನ್ನೊಂದು: ಮಗುವನ್ನು ಕಾರಿನಲ್ಲಿ ಒಬ್ಬನೇ ಬಿಟ್ಟು 'ಎರಡೇ ನಿಮಿಷ' ಅಂತ ಅಂಗಡಿಗೆ ಹೋಗಬೇಡಿ.

ಮನೆಯಲ್ಲಿ ಯಾವ ಭಾಷೆ ಮಾತಾಡಲಿ? ಕೊಡವ ತಕ್ಕ್, ಅರೆಭಾಷೆ, ಕನ್ನಡ, ಇಂಗ್ಲಿಷ್ ಎಲ್ಲ ಸೇರಿ ಮಗುವಿಗೆ ಗೊಂದಲ ಆಗಲ್ವಾ?

ಆಗುವುದಿಲ್ಲ. ನಮ್ಮ ಊರನ್ನೇ ನೋಡಿ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ವಿರಾಜಪೇಟೆಯ ಸಂತೆಯಲ್ಲಿ ಮಲಯಾಳ, ತೋಟದಲ್ಲಿ ಇನ್ನೊಂದು ನುಡಿ. ಇಷ್ಟರ ನಡುವೆ ಬೆಳೆದ ಮಕ್ಕಳು ಎಲ್ಲವನ್ನೂ ಆಡುತ್ತಾರೆ. ಎರಡು ಭಾಷೆ ಕೇಳಿ ಬೆಳೆಯುವ ಮಗು ಒಂದೊಂದು ಭಾಷೆಯಲ್ಲಿ ಕಡಿಮೆ ಪದ ಆಡಬಹುದು. ಎಲ್ಲ ಭಾಷೆಗಳ ಪದ ಒಟ್ಟು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದೂ ಸಹಜ. ಮಾತು ನಿಜಕ್ಕೂ ತಡವಾದರೆ ಕಿವಿ ಕೇಳಿಸುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿ, ತಜ್ಞರಿಗೆ ತೋರಿಸಿ. ಮನೆಮಾತು ನಿಲ್ಲಿಸುವುದು ಅದಕ್ಕೆ ಮದ್ದಲ್ಲ.

ನನಗೆ ಈ ವಿಷಯದಲ್ಲಿ ತುಂಬ ಕಾಳಜಿ ಇದೆ. 2011ರ ಜನಗಣತಿಯಲ್ಲಿ ಕೊಡವ ತಕ್ಕನ್ನು ತಾಯ್ನುಡಿ ಅಂತ ಬರೆಸಿದವರು ಸುಮಾರು 1 ಲಕ್ಷ 14 ಸಾವಿರ ಜನ ಮಾತ್ರ. ಯುನೆಸ್ಕೋ ಅದನ್ನು ಅಳಿವಿನ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ. ಅರೆಭಾಷೆ ಆಡುವವರಿಗೂ ಇದೇ ಚಿಂತೆ. ಒಂದೊಂದು ಮನೆಯಲ್ಲಿ ಮಾತು ನಿಂತರೂ ಆ ಭಾಷೆಗೆ ಪೆಟ್ಟು.

ಆದರೆ ಭಾಷೆ ಉಳಿಸುವ ಹೊಣೆಯನ್ನೂ ತಾಯಿಯ ತಲೆಗೇ ಕಟ್ಟುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 'ಮಗನಿಗೆ ಭಾಷೆ ಕಲಿಸಿಲ್ವಾ?' ಅಂತ ಸೊಸೆಯನ್ನು ಕೇಳುತ್ತಾರೆ, ಮಗನನ್ನು ಕೇಳುವುದಿಲ್ಲ. ಅಪ್ಪ ಮಗುವಿನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿಕೊಂಡಿದ್ದರೆ ಅಮ್ಮ ಒಬ್ಬಳ ಕೈಯಲ್ಲಿ ಏನಾಗುತ್ತದೆ? ಕೆಲಸ ಹಂಚಿಕೊಳ್ಳಿ. ಅಪ್ಪನ ಮನೆಮಾತು ಅಪ್ಪ ಆಡಲಿ, ಅಮ್ಮನ ಮನೆಮಾತು ಅಮ್ಮ ಆಡಲಿ. ಅಜ್ಜ ಅಜ್ಜಿ ವಾರಕ್ಕೆರಡು ಸಲ ವಿಡಿಯೋ ಕಾಲ್‌ನಲ್ಲಿ ಕತೆ ಹೇಳಲಿ. ಕನ್ನಡ ಅಕ್ಷರ ಕಲಿಸಲು ಅನೇಕ ಊರುಗಳ ಕನ್ನಡ ಕೂಟಗಳು ಶನಿವಾರ, ಭಾನುವಾರ ತರಗತಿ ನಡೆಸುತ್ತವೆ. ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ನೀವು ನಿಮ್ಮ ಮಾತು ಬಿಡಬೇಡಿ. ಕೇಳಿ ಅರ್ಥವಾದರೆ ಮುಂದೊಂದು ದಿನ ಆಡಲು ಬರುತ್ತದೆ. ಉಚ್ಚಾರಣೆ ತಪ್ಪಿದಾಗ ನೆಂಟರ ಮುಂದೆ ನಗಬೇಡಿ. ಒಮ್ಮೆ ನಕ್ಕರೆ ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ನಮ್ಮ ಊಟ ಅಭ್ಯಾಸ ಮಾಡಿಸುವುದು ಹೇಗೆ?

ಅಕ್ಕಿ ರೊಟ್ಟಿ, ನೂಪುಟ್ಟು, ಕಡುಂಬುಟ್ಟು ಎಲ್ಲಕ್ಕೂ ಅಕ್ಕಿ ಸಾಕು, ಅಕ್ಕಿ ಎಲ್ಲ ಕಡೆ ಸಿಗುತ್ತದೆ. ಹಂದಿ ಮಾಂಸ ಅಮೆರಿಕ, ಯುರೋಪಿನಲ್ಲಿ ಸುಲಭ. ಅದಕ್ಕೆ ಹಾಕುವ ನಮ್ಮ ಹುಳಿ ಕಾಚಂಪುಳಿ ಒಂದು ಬಾಟಲಿ ಊರಿಂದ ಬಂದರೆ ವರ್ಷ ಸಾಕು. ಸರಿಯಾಗಿ ಮುಚ್ಚಿದ ಬಾಟಲಿ ಇರಲಿ, ಕಸ್ಟಮ್ಸಿನಲ್ಲಿ ಕೇಳಿದರೆ ಬಚ್ಚಿಡದೆ ಹೇಳಿ. ಒಣಗಿಸಿದ ಮಾಂಸ ಕಟ್ಟಿಕೊಂಡು ಹೋಗಬೇಡಿ, ಅಮೆರಿಕ, ಆಸ್ಟ್ರೇಲಿಯಾದಲ್ಲಿ ಕಿತ್ತುಕೊಂಡು ದಂಡವನ್ನೂ ಹಾಕಬಹುದು.

ಶಾಲೆಯ ಡಬ್ಬಿಗೆ ಮಗು ಸ್ಯಾಂಡ್‌ವಿಚ್ ಕೇಳಿದರೆ ಕೊಡಿ. ರಾತ್ರಿ ಮನೆಯಲ್ಲಿ ಒಟ್ಟಿಗೆ ಕೂತು ರೊಟ್ಟಿ ತಿಂದರೆ ಸಾಕು.

ಕೆಲಸ ಬಿಟ್ಟು ಮಗುವನ್ನು ನೋಡಿಕೊಳ್ಳಲಾ? ಕೆಲಸಕ್ಕೆ ಹೋದರೆ ಒಳ್ಳೆಯ ತಾಯಿ ಅಲ್ಲ ಅನ್ನುತ್ತಾರೆ.

ಇದನ್ನು ಕೇಳುವಾಗ ಹೆಣ್ಣುಮಕ್ಕಳ ಗಂಟಲು ಕಟ್ಟುತ್ತದೆ, ನನಗೆ ಗೊತ್ತು. ಕೊಡಗಿನ ಹೆಂಗಸರು ಯಾವ ಕಾಲದಲ್ಲಿ ಬರೀ ಮಗು ನೋಡಿಕೊಂಡು ಕೂತಿದ್ದರು? ಗದ್ದೆ ನಾಟಿ ಮಾಡಿದ್ದಾರೆ, ತೋಟ ನೋಡಿಕೊಂಡಿದ್ದಾರೆ. ಗಂಡಂದಿರು ಸೈನ್ಯದಲ್ಲಿದ್ದಾಗ ಇಡೀ ಮನೆ, ಜಮೀನು, ಲೆಕ್ಕ ಎಲ್ಲ ಅವರೇ ನಡೆಸಿದ್ದಾರೆ. ದುಡಿಯುವ ತಾಯಿ ನಮಗೆ ಹೊಸಬಳಲ್ಲ. ಮಗುವನ್ನು ಹಿಡಿದುಕೊಳ್ಳಲು ಮನೆಯಲ್ಲಿ ಜನ ಇರುತ್ತಿದ್ದರು, ಅಷ್ಟೇ ವ್ಯತ್ಯಾಸ. ಆ ಜನರ ಜಾಗದಲ್ಲಿ ಈಗ ಡೇಕೇರ್ ಇದೆ. ನೋಡಿ ವಿಚಾರಿಸಿ ಒಳ್ಳೆಯದನ್ನು ಆರಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಕೆಲಸ ಬಿಡುವುದೂ ತಪ್ಪಲ್ಲ. ಆದರೆ ಲೆಕ್ಕ ಹಾಕಿ ಬಿಡಿ. ಡೇಕೇರ್ ಖರ್ಚನ್ನು ಹೆಂಡತಿಯ ಸಂಬಳದಿಂದ ಮಾತ್ರ ಕಳೆದು 'ಉಳಿಯುವುದೇನು?' ಅಂತ ಕೇಳುವ ಲೆಕ್ಕ ಸರಿಯಲ್ಲ. ಮಗು ಇಬ್ಬರದ್ದು, ಖರ್ಚೂ ಇಬ್ಬರ ಸಂಬಳದಿಂದ ಹೋಗಬೇಕು. ಬಿಟ್ಟರೆ ನಿಮ್ಮ ಹೆಸರಿನಲ್ಲಿ ತಿಂಗಳಿಗಿಷ್ಟು ಅಂತ ಬೇರೆ ಖಾತೆಗೆ ಬೀಳಲಿ, ವಿಮೆ ನಿಲ್ಲದಿರಲಿ.

ಅಮೆರಿಕಕ್ಕೆ ಎಚ್-4 ವೀಸಾದಲ್ಲಿ, ಅಂದರೆ ಕೆಲಸದ ವೀಸಾ ಇರುವ ಗಂಡನ ಅವಲಂಬಿತೆಯಾಗಿ ಹೋದವರ ಕತೆಯೇ ಬೇರೆ. ಅವರಿಗೆ ಕೆಲಸ ಮಾಡುವ ಅನುಮತಿಯೇ ಇರುವುದಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ 2015ರ ನಿಯಮದಿಂದ ಅನುಮತಿ ಸಿಗುತ್ತಿದೆ. ಎಂಜಿನಿಯರಿಂಗ್, ನರ್ಸಿಂಗ್ ಓದಿದ ಹುಡುಗಿ ಇಷ್ಟವಿಲ್ಲದೆ ಮನೆಯಲ್ಲಿ ಕೂತಿರುತ್ತಾಳೆ. ಅವಳಿಗೆ 'ನಿನಗೇನು, ಆರಾಮಾಗಿದ್ದೀಯ' ಅನ್ನುವುದು ತುಂಬ ನೋವಿನ ಮಾತು. ಓದಲು ಅನುಮತಿ ಇದೆ, ಆ ವರ್ಷಗಳಲ್ಲಿ ಏನಾದರೂ ಕಲಿಯಿರಿ.

ಗಂಡ ಎಷ್ಟು ಮಾಡಬೇಕು?

ಅರ್ಧ. 'ಸಹಾಯ ಮಾಡುತ್ತಾನೆ' ಅನ್ನುವ ಮಾತೇ ಬೇಡ, ಅವನ ಮಗು ಅದು. ಸ್ವೀಡನ್ನಿನಲ್ಲಿ ಒಂದು ಮಗುವಿಗೆ 480 ದಿನದ ರಜೆ ಇದೆ. ಅದರಲ್ಲಿ 90 ದಿನ ತಂದೆಗೇ ಮೀಸಲು. ಅವನು ತೆಗೆದುಕೊಳ್ಳದಿದ್ದರೆ ಅಷ್ಟು ದಿನ ಕಳೆದುಹೋಗುತ್ತದೆ, ಹೆಂಡತಿಗೆ ಕೊಡಲು ಬರುವುದಿಲ್ಲ. ಅಂಥ ದೇಶಗಳಲ್ಲಿ ನಮ್ಮ ಹುಡುಗರೂ ಮಗುವನ್ನು ಎದೆಗೆ ಕಟ್ಟಿಕೊಂಡು ಅಂಗಡಿಗೆ ಹೋಗುವುದನ್ನು ಕಲಿತಿದ್ದಾರೆ. ಅವರೇ ರಜೆಗೆ ಊರಿಗೆ ಬಂದಾಗ, ಹಿರಿಯರ ಮುಂದೆ ಡಯಾಪರ್ ಬದಲಾಯಿಸಲು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಒಬ್ಬ ಮಾಡಿದರೆ ನೋಡಿ ಇನ್ನೊಬ್ಬ ಮಾಡುತ್ತಾನೆ.

ಮಗುವಾಗಿ ಒಂದು ತಿಂಗಳಾಯಿತು. ಸುಮ್ನೆ ಅಳು ಬರುತ್ತದೆ. ಮಗುವಿನ ಮೇಲೆ ಪ್ರೀತಿಯೇ ಬರುತ್ತಿಲ್ಲ. ನಾನು ಕೆಟ್ಟ ತಾಯಿಯಾ?

ಅಲ್ಲ. ಹೆರಿಗೆಯಾದ ಮೊದಲ ಕೆಲವು ದಿನ ಅಳು, ಕಿರಿಕಿರಿ ಬಹಳ ಜನರಿಗೆ ಬರುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೆ ಅದು ಖಿನ್ನತೆ ಇರಬಹುದು. ಅದು ಕಾಯಿಲೆ, ಔಷಧಿ, ಮಾತುಕತೆಯಿಂದ ವಾಸಿಯಾಗುತ್ತದೆ. ಅನೇಕ ದೇಶಗಳಲ್ಲಿ ಹೆರಿಗೆಯ ನಂತರದ ಭೇಟಿಯಲ್ಲಿ 10 ಪ್ರಶ್ನೆಗಳ ಒಂದು ಹಾಳೆ ಕೊಡುತ್ತಾರೆ. 1987ರಲ್ಲಿ ರೂಪಿಸಿದ ಎಡಿನ್‌ಬರೋ ಪಟ್ಟಿ ಅದು. ನಮ್ಮವರು ಅದಕ್ಕೆ 'ಎಲ್ಲ ಚೆನ್ನಾಗಿದೆ' ಅಂತ ಗುರುತು ಹಾಕಿ ಬಂದುಬಿಡುತ್ತಾರೆ. ದಯವಿಟ್ಟು ನಿಜ ಬರೆಯಿರಿ. ಅದನ್ನು ತುಂಬಿಸುವುದು ನಿಮ್ಮ ಒಳ್ಳೆಯದಕ್ಕೆ.

ಅಮೆರಿಕದಲ್ಲಿ ತಾಯಂದಿರಿಗೆಂದೇ ದಿನದ 24 ಗಂಟೆಯ ಉಚಿತ ಸಹಾಯವಾಣಿ ಇದೆ: 1-833-852-6262. ಭಾರತದಲ್ಲಿದ್ದರೆ ಟೆಲಿ ಮಾನಸ್, 14416, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಂಡು ನೋಡುವ ವಿಭಾಗವೇ ಇದೆ. ತನಗೋ ಮಗುವಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ, ಇಲ್ಲದ್ದು ಕಾಣಿಸಿದರೆ, ಕೇಳಿಸಿದರೆ, ಕಾಯಬೇಡಿ. ಆಗಲೇ ತುರ್ತು ಚಿಕಿತ್ಸೆಗೆ ಹೋಗಿ.

ಊರಿನವರಿಗೆ: ಮಗಳು ಫೋನಿನಲ್ಲಿ 'ಆಗ್ತಿಲ್ಲಮ್ಮ' ಅಂದರೆ 'ನಾವೆಲ್ಲ ಹೆತ್ತಿಲ್ವಾ?' ಅನ್ನಬೇಡಿ. ನೀವು ಹೆತ್ತಾಗ ನಿಮ್ಮ ಸುತ್ತ ಎಷ್ಟು ಜನ ಇದ್ದರು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಒಂದೇ ಮಗು ಸಾಕು ಅಂದರೆ ಎಲ್ಲರೂ ಬೇಸರ ಮಾಡಿಕೊಳ್ಳುತ್ತಾರೆ.

ಕೊಡವರಲ್ಲಿ ಹಿಂದೆ ಹತ್ತು ಮಕ್ಕಳನ್ನು ಹೆತ್ತ ತಾಯಿಗೆ ಮದುವೆಯಂತೆಯೇ ಮಂಗಲ ಮಾಡಿ ಗೌರವಿಸುವ ಪದ್ಧತಿ ಇತ್ತು. ಗಂಡು ಮಗು ಹುಟ್ಟಿದರೆ ಗುಂಡು ಹಾರಿಸಿ, ಹರಳು ಗಿಡದ ದಂಟಿನಿಂದ ಮಾಡಿದ ಪುಟ್ಟ ಬಿಲ್ಲನ್ನು ಕೈಗೆ ಮುಟ್ಟಿಸುತ್ತಿದ್ದರು. ಜನ ಕಡಿಮೆ ಇರುವ ಸಮುದಾಯಕ್ಕೆ ಒಂದೊಂದು ಮಗುವೂ ದೊಡ್ಡದು. 'ಒಕ್ಕ (ಮನೆತನ) ಮುಂದುವರಿಯಬೇಕಲ್ಲ' ಅನ್ನುವ ಹಿರಿಯರ ಸಂಕಟ ನನಗೆ ಅರ್ಥವಾಗುತ್ತದೆ, ಅದನ್ನು ಗೇಲಿ ಮಾಡುವುದು ತಪ್ಪು. ಆದರೆ ಆ ಲೆಕ್ಕವನ್ನು ಒಬ್ಬ ಹೆಣ್ಣಿನ ಮೈಮೇಲೆ ಹಾಕಬಾರದು. ಎಷ್ಟು ಮಕ್ಕಳು ಅನ್ನುವುದು ಅವಳು, ಅವಳ ಗಂಡ ಕೂತು ತೀರ್ಮಾನಿಸುವ ಮಾತು. ಹೆಣ್ಣು ಮಗು ಹುಟ್ಟಿದಾಗಲೂ ಅಷ್ಟೇ ಖುಷಿಯಿಂದ ಗುಂಡು ಹಾರಿಸಿ, ನಾನು ಕೇಳುವುದು ಅಷ್ಟೇ.

ಮಗಳಿಗೆ ಹದಿನಾರು. ಅವಳ ಬಟ್ಟೆ, ಸ್ನೇಹಿತರನ್ನು ನೋಡಿ 'ತಾಯಿ ಸರಿಯಾಗಿ ಬೆಳೆಸಿಲ್ಲ' ಅನ್ನುತ್ತಾರೆ.

ಮಗು ಓದಿನಲ್ಲಿ ಮುಂದೆ ಬಂದರೆ 'ನಮ್ಮ ಮನೆತನದ ಬುದ್ಧಿ' ಅನ್ನುತ್ತಾರೆ. ಏನಾದರೂ ಇಷ್ಟವಾಗದ್ದು ಕಂಡರೆ ತಾಯಿಯ ಹೆಸರು ಬರುತ್ತದೆ. ಈ ಪದ್ಧತಿ ನಿಲ್ಲಬೇಕು, ಮೊದಲು ನಿಲ್ಲಿಸಬೇಕಾದವರು ನಾವು ಹೆಂಗಸರೇ.

ಮಗಳ ಜೊತೆ ಮಾತಿನ ದಾರಿ ಮುಚ್ಚದಿರುವುದೇ ಈ ವಯಸ್ಸಿನಲ್ಲಿ ದೊಡ್ಡ ಕೆಲಸ. ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಬರಬೇಕು, ಯಾರ ಜೊತೆ ಇದ್ದಾಳೆ, ಕುಡಿತ, ಕಾರು, ಇಂಥ ಸುರಕ್ಷತೆಯ ವಿಷಯದಲ್ಲಿ ಗಟ್ಟಿಯಾಗಿರಿ. ಬಟ್ಟೆ, ಕೂದಲು, ಸಂಗೀತದಲ್ಲಿ ಸಡಿಲ ಬಿಡಿ. ಮಗನಿಗೆ ಒಂದು ನಿಯಮ, ಮಗಳಿಗೆ ಇನ್ನೊಂದು ಅಂತ ಮಾಡಿದರೆ ಅವಳು ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಮದುವೆ ನಮ್ಮವರಲ್ಲೇ ಆಗಬೇಕು ಅನ್ನುವ ಆಸೆ ನಿಮಗಿದ್ದರೆ ಅದನ್ನು ಬಚ್ಚಿಡದೆ, ಹೆದರಿಸದೆ ಹೇಳಿ. ಅವಳು ಬೇರೆ ತೀರ್ಮಾನ ಮಾಡಿದರೆ ಅವಳ ಜೊತೆ ನಿಲ್ಲಿ. ಊರಿನಲ್ಲಿ ಎರಡು ವರ್ಷ ಮಾತಾಡಿಕೊಳ್ಳುತ್ತಾರೆ. ಮಗಳು ದೂರವಾದರೆ ಹತ್ತಿರ ಮಾಡಿಕೊಳ್ಳಲು ಅದಕ್ಕಿಂತ ಬಹಳ ವರ್ಷ ಬೇಕು.

ಮಗುವಿನ ಪೌರತ್ವ, ಊರಿನ ತೋಟ: ಏನು ಗೊತ್ತಿರಬೇಕು?

ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಭಾರತೀಯ ಹೆತ್ತವರಿಗೆ ಹೊರದೇಶದಲ್ಲಿ ಹುಟ್ಟಿದ ಮಗು ಭಾರತೀಯ ಪ್ರಜೆ ಆಗಬೇಕಾದರೆ ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಣಿ ಮಾಡಿಸಿ. ಗಲ್ಫ್‌ನಲ್ಲಿರುವವರು ಇದನ್ನು ಮರೆಯಲೇಬಾರದು, ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ಮಗುವಿಗೆ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಬಹುದು.

ಒಸಿಐ ಇದ್ದವರು ಭಾರತದಲ್ಲಿ ಗದ್ದೆ, ಕಾಫಿ ತೋಟ ಕೊಂಡುಕೊಳ್ಳುವಂತಿಲ್ಲ. ಆದರೆ ಹಿರಿಯರಿಂದ ಉತ್ತರಾಧಿಕಾರದಲ್ಲಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಕೊಡಗಿನಲ್ಲಿ ತಲೆತಲಾಂತರದಿಂದ ಬಂದ ಜಮ್ಮಾ ಜಮೀನಿನಲ್ಲಿ ಒಕ್ಕದ ಹಲವರ ಪಾಲು ಒಟ್ಟಿಗೇ ಇರುವುದುಂಟು. ಹಿರಿಯರು ಇರುವಾಗಲೇ ಕಾಗದಪತ್ರ ಸರಿ ಮಾಡಿಸಿ, ವಕೀಲರನ್ನು ಕೇಳಿ. ಹಾಗೆಯೇ ಮನೆಹೆಸರು. ನಮ್ಮಲ್ಲಿ ಅದು ಮೊದಲು ಬರುತ್ತದೆ, ಅಲ್ಲಿ ಕೊನೆಗೆ ಬರೆಯುತ್ತಾರೆ. ಜನನ ಪತ್ರ, ಪಾಸ್‌ಪೋರ್ಟ್, ಶಾಲೆ, ಎಲ್ಲ ಕಡೆ ಒಂದೇ ಥರ ಇರುವಂತೆ ನೋಡಿಕೊಳ್ಳಿ.

ಗಂಡನ ಜೊತೆ ಸರಿಬರುತ್ತಿಲ್ಲ. ಮಗುವನ್ನು ಕರೆದುಕೊಂಡು ಊರಿಗೆ ಬಂದುಬಿಡಲಾ?

ಮೊದಲು ಆ ದೇಶದ ವಕೀಲರನ್ನು ಕೇಳಿ. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ಯುವ ಬಗ್ಗೆ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆದರೂ ಇನ್ನೊಬ್ಬ ಪಾಲಕರ ಒಪ್ಪಿಗೆ ಇಲ್ಲದೆ ಕರೆತಂದರೆ ಆ ದೇಶದಲ್ಲಿ ಅಪಹರಣದ ಕೇಸ್ ಬೀಳಬಹುದು. ಹೊಡೆತ, ಬೆದರಿಕೆ ಇದ್ದರೆ ತಡಮಾಡದೆ ಅಲ್ಲಿನ ಪೊಲೀಸರಿಗೆ, ಮಹಿಳೆಯರ ಸಹಾಯವಾಣಿಗೆ ಹೇಳಿ. ಭಾರತದ ದೂತಾವಾಸಕ್ಕೂ ತಿಳಿಸಿ. ತವರಿನವರು 'ಹೊಂದಿಕೊಂಡು ಹೋಗು' ಅಂತ ಹೇಳಿ ಫೋನ್ ಇಡಬೇಡಿ.

ಮಕ್ಕಳನ್ನು ಯಾವ ಹೊತ್ತಿನಲ್ಲಿ ಊರಿಗೆ ಕರೆತರುವುದು ಒಳ್ಳೆಯದು?

ಅಮೆರಿಕ, ಯುರೋಪಿನ ಬೇಸಿಗೆ ರಜೆ ಜೂನ್ ಆಚೀಚೆ ಶುರುವಾಗಿ ಆಗಸ್ಟ್ ತನಕ. ಆಗ ಕೊಡಗಿನಲ್ಲಿ ಬಿಡದ ಮಳೆ, ಜಿಗಣೆ, ಕರೆಂಟಿಲ್ಲ. ಅದನ್ನು ನೋಡಿದ ಮಕ್ಕಳು ಊರು ಅಂದರೆ ಒದ್ದೆ ಬಟ್ಟೆ ಅಂದುಕೊಂಡುಬಿಡುತ್ತವೆ. 2018ರ ಆಗಸ್ಟಿನ ಭೂಕುಸಿತದ ನಂತರ ಆ ತಿಂಗಳ ಪ್ರಯಾಣಕ್ಕೆ ಮುನ್ನ ಹವಾಮಾನ ಎಚ್ಚರಿಕೆ ನೋಡುವುದೂ ಬೇಕು. ಡಿಸೆಂಬರ್ ರಜೆ ಒಳ್ಳೆಯದು. ಕಾಫಿ ಕೊಯ್ಲು ನಡೆಯುತ್ತಿರುತ್ತದೆ, ನಮ್ಮ ಸುಗ್ಗಿ ಹಬ್ಬ ಪುತ್ತರಿ ಆಗಷ್ಟೇ ಮುಗಿದಿರುತ್ತದೆ, ಕೆಲವು ವರ್ಷ ಸಿಕ್ಕಿಯೂ ಬಿಡುತ್ತದೆ. ಏಪ್ರಿಲ್‌ನಲ್ಲಿ ಬಂದರೆ ಕೊಡವ ಹಾಕಿ ಹಬ್ಬ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಶುರು ಮಾಡಿದ ಈ ಹಬ್ಬದಲ್ಲಿ ಒಂದೊಂದು ಒಕ್ಕವೂ ತನ್ನ ತಂಡ ಇಳಿಸುತ್ತದೆ. ತನ್ನ ಮನೆಹೆಸರಿನ ತಂಡ ಆಡುವುದನ್ನು ಮಗು ನೋಡಿದರೆ ಸಾಕು, ಒಕ್ಕ ಅಂದರೇನು ಅಂತ ಬೇರೆ ಪಾಠ ಬೇಡ.

ಮಳೆಗಾಲದಲ್ಲೇ ಬರಬೇಕಾದರೆ ಆಗಸ್ಟ್ 3ರ ಕಕ್ಕಡ ಪದಿನೆಟ್ (ಕಕ್ಕಡ ತಿಂಗಳ ಹದಿನೆಂಟನೇ ದಿನ) ಸೇರಿಸಿಕೊಳ್ಳಿ. ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಮಕ್ಕಳಿಗೆ ಬಲು ಇಷ್ಟ. ಮರುದಿನ ಮೂತ್ರ ಕೆಂಪಾಗುತ್ತದೆ ಅಂತ ಮೊದಲೇ ಹೇಳಿಡಿ, ಇಲ್ಲದಿದ್ದರೆ ಮಗು ಹೆದರುತ್ತದೆ.

ಜಿಲ್ಲೆಯಲ್ಲಿ ರೈಲಿಲ್ಲ. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಗಲ್ಫ್‌ನಿಂದ ಬರುವ ದಕ್ಷಿಣ ಕೊಡಗಿನವರಿಗೆ ಅನುಕೂಲವಾಗಿದೆ. ಪುಟ್ಟ ಮಗು ಇದ್ದರೆ ಹೊರಡುವ ಒಂದೆರಡು ತಿಂಗಳು ಮೊದಲೇ ಲಸಿಕೆಗಳ ಬಗ್ಗೆ ಡಾಕ್ಟರನ್ನು ಕೇಳಿ. ಹೊರದೇಶ ಪ್ರಯಾಣಕ್ಕೆ ಹೊರಟ 6ರಿಂದ 11 ತಿಂಗಳ ಮಗುವಿಗೆ ದಡಾರದ ಲಸಿಕೆಯನ್ನು ಮುಂಚೆಯೇ ಕೊಡಲು ಅಮೆರಿಕದಲ್ಲಿ ಸಲಹೆ ಇದೆ. ನೀರು ಕುಡಿಯುವ ವಯಸ್ಸಿನ ಮಕ್ಕಳಿಗೆ ಕುದಿಸಿದ ನೀರು ಮಾತ್ರ ಕೊಡಿ, ನೆಂಟರ ಮನೆಯಲ್ಲೂ.

(ಊರಿನ ಅಜ್ಜಿಯರಿಂದ) ಮೊಮ್ಮಗು ಫೋನಿನಲ್ಲಿ ನಮ್ಮ ಹತ್ತಿರ ಮಾತಾಡುವುದೇ ಇಲ್ಲ. ಏನು ಮಾಡಲಿ?

'ಊಟ ಆಯ್ತಾ? ಶಾಲೆ ಹೇಗಿದೆ?' ಅಂತ ಕೇಳಿದರೆ ಯಾವ ಮಗುವೂ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಫೋನನ್ನು ಕೊಟ್ಟಿಗೆಗೆ ತೆಗೆದುಕೊಂಡು ಹೋಗಿ, ಕರು ತೋರಿಸಿ. ನಾಯಿ, ಕೋಳಿಮರಿ, ಅಂಗಳದ ಕಿತ್ತಳೆ ಗಿಡ ತೋರಿಸಿ. ರೊಟ್ಟಿ ತಟ್ಟುವಾಗ ಫೋನನ್ನು ಡಬ್ಬಿಗೆ ಒರಗಿಸಿ ಇಡಿ, ಮಾತಾಡದಿದ್ದರೂ ಮಗು ನೋಡುತ್ತಾ ಕೂರುತ್ತದೆ. ಹೊತ್ತು ಗೊತ್ತು ಮಾಡಿಕೊಳ್ಳಿ. ನಿಮ್ಮ ಸಂಜೆ ಅಮೆರಿಕದಲ್ಲಿ ಬೆಳಗಿನ ಗಡಿಬಿಡಿಯ ಹೊತ್ತು, ಆಗ ಕರೆ ಮಾಡಿದರೆ ಸೊಸೆ ಫೋನ್ ಎತ್ತಲಿಲ್ಲ ಅಂತ ಬೇಸರ ಬೇಡ. ಅಲ್ಲಿನ ಶನಿವಾರ ಬೆಳಗ್ಗೆ ಒಳ್ಳೆಯದು.

ಮಗುವಿನ ತಾಯಿಯ ಹತ್ತಿರವೂ ಎರಡು ಮಾತಾಡಿ. 'ಮಗು ಸಣ್ಣಗಾಗಿದೆ, ಏನು ಕೊಡ್ತಿದ್ದೀಯ?' ಅಂತ ಶುರು ಮಾಡಬೇಡಿ. ಮಗುವಿನ ತೂಕವನ್ನು ಅಲ್ಲಿನ ಡಾಕ್ಟರ್ ನೋಡಿಕೊಳ್ಳುತ್ತಾರೆ. 'ನೀನು ಊಟ ಮಾಡಿದ್ಯಾ? ನಿನ್ನೆ ನಿದ್ದೆ ಬಂತಾ?' ಅಂತ ಕೇಳಿ. ಮಗನಿಗೆ ಫೋನ್ ಕೊಡಲು ಹೇಳಿ, ಇವತ್ತು ರಾತ್ರಿ ಮಗುವನ್ನು ನೋಡಿಕೊಳ್ಳುವುದು ಅವನ ಸರದಿ ತಾನೇ ಅಂತ ಅವನನ್ನೂ ವಿಚಾರಿಸಿ.